ಸವೆದ ಎಂಜಿನ್ನೂ ಅಳತೆಯ ಧರ್ಮವೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಋತು ಯಾವುದಾದರೂ ಸರಿ, ತಪ್ಪದೆ ಮರುಕಳಿಸುವ ಪ್ರಶ್ನೆಯೊಂದುಂಟು. ಬರೆಯುವವರಲ್ಲಿ ಒಬ್ಬರು ಒಂದೇ ಲಾರಿಯನ್ನು ನಂಬಿ ಸಂಸಾರವನ್ನು ಸಾಗಿಸುವವರಾಗಿರಬಹುದು, ಮತ್ತೊಬ್ಬರು ತಂದೆಯ ಕಾಲದಿಂದ ಸಾಗಣೆಯ ವೃತ್ತಿಯನ್ನು ನಡೆಸಿಕೊಂಡು ಬಂದ ಮನೆತನದವರಾಗಿರಬಹುದು, ಪ್ರಶ್ನೆಯ ತಿರುಳು ಮಾತ್ರ ಒಂದೇ ಆಗಿರುತ್ತದೆ: “ಗಾಡಿ ಹಳೆಯದು, ಎಂಜಿನ್ ಬೋರಿಗೆ ಬಂದಿದೆಯೆಂದು ಮಿಸ್ತ್ರಿ ಹೇಳುತ್ತಾನೆ, ಹಾಫ್ ಎಂಜಿನ್ ಮಾಡಿಸಿದರೆ ಸಾಕೆ, ಫುಲ್ ಎಂಜಿನ್ ಮಾಡಿಸಬೇಕೆ, ಇಲ್ಲವೆ ಮಾರಿಬಿಡುವುದೇ ಲೇಸೆ?” ವೃತ್ತಿಯ ಹೊರಗಿನ ವಾಚಕರಿಗಾಗಿ ಈ ಎರಡು ಮಾತುಗಳನ್ನು ಮೊದಲು ಬಿಡಿಸಿಬಿಡುತ್ತೇನೆ. ಎಂಜಿನ್ನನ್ನು ಷಾಸಿಯ ಮೇಲೆಯೇ ಇರಗೊಟ್ಟು, ಮೇಲಿನ ಹೆಡ್ಡನ್ನೂ ಕೆಳಗಿನ ಚೇಂಬರನ್ನೂ ಬಿಚ್ಚಿ, ರಿಂಗು ಬೇರಿಂಗುಗಳನ್ನು ಬದಲಿಸಿ ಮುಚ್ಚುವುದು ಹಾಫ್ ಎಂಜಿನ್ ಕೆಲಸ. ಇಡೀ ಎಂಜಿನ್ನನ್ನು ಗಾಡಿಯಿಂದ ಇಳಿಸಿ, ಬ್ಲಾಕು ಕ್ರ್ಯಾಂಕುಗಳನ್ನು ಲೇತಿನ ಅಂಗಡಿಗೆ ಕಳುಹಿಸಿ, ಸವೆದ ಪ್ರತಿಯೊಂದು ಮೈಯನ್ನೂ ಹೊಸತುಗೊಳಿಸಿ ಜೋಡಿಸುವುದು ಫುಲ್ ಎಂಜಿನ್ ಕೆಲಸ. ಇವುಗಳಲ್ಲಿ ಯಾವುದು ಬೇಕೆಂಬುದನ್ನು ಎಂಜಿನ್ನನ್ನು ಅಳೆಯುವ ಮುನ್ನ ಯಾರೂ ಹೇಳಲಾರರೆಂಬುದೂ, ಅಳೆಯದೆ ಹೇಳುವವರ ಮಾತಿನ ಮೇಲೆ ಹಣ ಸುರಿಯುವುದು ನಮ್ಮ ಸಾಗಣೆಯ ಲೋಕವನ್ನು ಬಹುಕಾಲದಿಂದ ಬಾಧಿಸುತ್ತಿರುವ ವ್ಯಾಧಿಯೆಂಬುದೂ ನನ್ನ ದೃಢವಾದ ಅಭಿಪ್ರಾಯ.

ನಾನು ನೆಲೆಸಿರುವ ಕೋಪರಖೈರಣೆಯು ಈ ಪ್ರಶ್ನೆಯನ್ನು ಕೇಳುವುದಕ್ಕೂ ಉತ್ತರವನ್ನು ಅರಸುವುದಕ್ಕೂ ತಕ್ಕುದಾದ ಸ್ಥಳವೆನ್ನಬೇಕು. ಪಶ್ಚಿಮದಲ್ಲಿ ಠಾಣೆಯ ಖಾಡಿ, ಪೂರ್ವದಲ್ಲಿ ಠಾಣೆ-ಬೇಲಾಪುರ ರಸ್ತೆ, ಆ ರಸ್ತೆಯನ್ನು ದಾಟಿದರೆ ಮಹಾಪೆ, ಪಾವಣೆಗಳ ಕೈಗಾರಿಕಾ ವಲಯ; ದಕ್ಷಿಣಕ್ಕೆ ಸ್ವಲ್ಪ ದೂರ ಸಾಗಿದರೆ, ಮುಂಬಯಿಯ ಸಗಟು ವ್ಯಾಪಾರವು ವರ್ಗವಾಗಿ ಬಂದು ನೆಲೆಗೊಂಡ ತುರ್ಭೆಯ ಕೃಷಿ ಉತ್ಪನ್ನ ಮಾರುಕಟ್ಟೆಗಳು; ಇನ್ನೂ ಮುಂದಕ್ಕೆ ಕಳಂಬೋಲಿಯ ಉಕ್ಕಿನ ಪೇಟೆ ಮತ್ತು 1989ರಲ್ಲಿ ಕಾರ್ಯಾರಂಭ ಮಾಡಿದ ನ್ಹಾವಾ ಶೇವಾ ಬಂದರು. ಬ್ಯಾಡಗಿಯ ಮೆಣಸಿನಕಾಯಿಯನ್ನೂ ವಿಜಯಪುರದ ದ್ರಾಕ್ಷಿಯನ್ನೂ ಉತ್ತರ ಕರ್ನಾಟಕದ ಈರುಳ್ಳಿಯನ್ನೂ ಹೊತ್ತ ಲಾರಿಗಳು ನಿಪ್ಪಾಣಿ, ಕೊಲ್ಹಾಪುರ, ಸಾತಾರಾಗಳ ಮಾರ್ಗವಾಗಿ ಬಂದು, ಖಂಬಾಟಕಿಯ ಘಾಟನ್ನು ದಾಟಿ, ಖಂಡಾಳದ ಇಳಿಜಾರನ್ನು ಇಳಿದು ಇಲ್ಲಿಗೆ ತಲಪುತ್ತವೆ. ಹಿಂದಿರುಗುವಾಗ ಬಂದರಿನ ಸರಕನ್ನೋ ಉಕ್ಕನ್ನೋ ಹೇರಿಕೊಂಡು ಅದೇ ಘಾಟನ್ನು ಏರತಕ್ಕದ್ದಾಗಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ತನ್ನ ದೌರ್ಬಲ್ಯವನ್ನು ಮುಚ್ಚಿಟ್ಟುಕೊಂಡು ನಡೆದ ಎಂಜಿನ್ನು ಖಂಡಾಳದ ಏರಿನಲ್ಲಿ ಅದನ್ನು ಬಯಲುಮಾಡಿಬಿಡುವುದರಿಂದ, ನಮ್ಮ ಭಾಗದ ಷೆಡ್ಡುಗಳಿಗೆ ಬರುವ ಚಾಲಕರ ದೂರಿನಲ್ಲಿ ಆ ಘಾಟಿನ ಹೆಸರು ಇದ್ದೇ ಇರುತ್ತದೆ. “ಪಿಕಪ್ ಇಲ್ಲ, ಆಯಿಲ್ ಕುಡಿಯುತ್ತದೆ, ಬ್ಯಾಕ್ ಕಂಪ್ರೆಷನ್ ಹೊಡೆಯುತ್ತದೆ” ಎಂದು ಬೆಳಗಾವಿ, ಕಲಬುರಗಿಗಳ ಕನ್ನಡದಲ್ಲಿ ಅವರು ಹೇಳುವ ವರ್ಣನೆಯನ್ನು ಆಲಿಸುತ್ತ, ಅವರ ಗಾಡಿಗಳನ್ನು ಬಿಚ್ಚುವುದರಲ್ಲಿಯೂ ಜೋಡಿಸುವುದರಲ್ಲಿಯೂ ನಾನು ಆಯುಷ್ಯದ ಬಹುಭಾಗವನ್ನು ಕಳೆದಿದ್ದೇನೆ.

ಈ ಹಳೆಯ ಗಾಡಿಗಳ ವಂಶಾವಳಿಯನ್ನು ಅರಿತರೆ ಅವುಗಳನ್ನು ಏಕೆ ದುರಸ್ತಿ ಮಾಡಬಹುದೆಂಬುದು ಸ್ಪಷ್ಟವಾಗುತ್ತದೆ. ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಸಹಯೋಗದಿಂದ 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಒಪ್ಪಂದದ 15 ವರ್ಷಗಳು ಮುಗಿದ ಬಳಿಕ ಗಾಡಿಯ ಮೂತಿಯ ಮೇಲಿದ್ದ ನಕ್ಷತ್ರ ಹೋಗಿ ಟಾಟಾದ ಅಕ್ಷರ ಬಂದಿತಾದರೂ ಎಂಜಿನ್ನಿನ ಕುಲ ಮಾತ್ರ ಮುಂದುವರಿಯಿತು. ಮದ್ರಾಸಿನಲ್ಲಿ 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಹುಟ್ಟಿ, ಇಂಗ್ಲೆಂಡಿನ ಲೇಲ್ಯಾಂಡಿನ ಸಹಯೋಗದ ನಂತರ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಂಪೆನಿಯ ಗಾಡಿಗಳು ಇನ್ನೊಂದು ಕುಲ. ಮಿಸ್ತ್ರಿಗಳ ಬಾಯಲ್ಲಿ ನಿತ್ಯವೂ ಓಡಾಡುವ ‘ಟಾಟಾ 697’ ಎಂಬ ಸಂಖ್ಯೆಯೊಳಗೇ ಅದರ ಅಳತೆ ಅಡಗಿದೆ: ಸಿಲಿಂಡರುಗಳು 6, ಪ್ರತಿಯೊಂದರ ವ್ಯಾಸ 97 ಮಿಲಿಮೀಟರು, ಪಿಸ್ಟನ್ನು ಚಲಿಸುವ ದೂರ 128 ಮಿಲಿಮೀಟರು, ಒಟ್ಟು ಘನ ಅಳತೆ 5,675 ಸಿ.ಸಿ. ಅನಂತರ, 1993ರಲ್ಲಿ ಸ್ಥಾಪಿತವಾದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ಬಂದ 5,883 ಸಿ.ಸಿ.ಯ ಎಂಜಿನ್ನುಗಳು ಈ ಸ್ಥಾನವನ್ನು ಕ್ರಮೇಣ ಆಕ್ರಮಿಸಿದವು. ಈ ಎಲ್ಲ ಎಂಜಿನ್ನುಗಳನ್ನೂ ರೂಪಿಸಿದವರು, ಅವು ಸವೆಯುತ್ತವೆ, ಸವೆದ ಮೇಲೆ ಮತ್ತೆ ಕಟ್ಟಲ್ಪಡಬೇಕು ಎಂಬುದನ್ನು ಆರಂಭದಲ್ಲಿಯೇ ಭಾವಿಸಿಕೊಂಡಿದ್ದರು. ಕೆಲವುಗಳಲ್ಲಿ ಸಿಲಿಂಡರಿನ ಒಳಗೋಡೆಯಾದ ಸವೆದ ಲೈನರನ್ನು ಹೊರಗೆಳೆದು ಹೊಸತನ್ನು ಕೂರಿಸಬಹುದು. ಲೈನರಿಲ್ಲದ ಕಮಿನ್ಸಿನಂಥವುಗಳಲ್ಲಿ ಬ್ಲಾಕಿನ ಬೋರನ್ನೇ, ಅಂದರೆ ಪಿಸ್ಟನ್ನು ಓಡಾಡುವ ಕುಳಿಯನ್ನೇ, ಅರ್ಧ ಮಿಲಿಮೀಟರಿನಷ್ಟು ಕೊರೆದು ಆ ಅಳತೆಯ ಪಿಸ್ಟನ್ನನ್ನು ಹಾಕಬಹುದು. ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಜರ್ನಲುಗಳನ್ನು ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಅರೆದು, ಅದಕ್ಕೆ ತಕ್ಕ ದಪ್ಪದ ಬೇರಿಂಗನ್ನು ಜೋಡಿಸಬಹುದು. ಅಂದಮೇಲೆ ಪುನರ್ನಿರ್ಮಾಣವೆಂಬುದು ಬಡತನದ ಉಪಾಯವಾಗಿರದೆ, ಈ ಯಂತ್ರದ ಮೂಲ ವಿನ್ಯಾಸದಲ್ಲಿಯೇ ಒಳಗೊಂಡಿರುವ ಸಂಸ್ಕಾರವಾಗಿದೆ.

ಸವೆತವು ಡೀಸೆಲ್ ಎಂಜಿನ್ನಿಗೆ ಏಕೆ ಮರ್ಮಾಘಾತವಾಗುತ್ತದೆಂಬುದನ್ನು ತಿಳಿಯಬೇಕಾದರೆ ಅದು ಉರಿಯುವ ಬಗೆಯನ್ನು ಸ್ಮರಿಸಿಕೊಳ್ಳಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಗೆ ಸ್ಥಾನವೇ ಇರಲಿಲ್ಲ. ಸಿಲಿಂಡರಿನೊಳಗೆ ಎಳೆದುಕೊಂಡ ಗಾಳಿಯನ್ನು, ನಮ್ಮ ಲಾರಿಗಳಲ್ಲಾದರೆ ಅದರ ಮೂಲ ಗಾತ್ರದ 16ರಲ್ಲೊಂದು, 18ರಲ್ಲೊಂದು ಪಾಲಿಗೆ ಇಳಿಯುವಂತೆ ಒತ್ತಿದಾಗ, ಅದರ ಉಷ್ಣತೆಯು 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ; ಆ ಸುಡುಗಾಳಿಗೆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದಕಾರಣ ಒತ್ತಡವೇ ಇಲ್ಲಿ ಕಿಡಿ. ಪಿಸ್ಟನ್ನಿಗೂ ಲೈನರಿಗೂ ನಡುವೆ, ವಾಲ್ವಿಗೂ ಅದರ ಸೀಟಿಗೂ ನಡುವೆ ಗಾಳಿ ನುಸುಳಿಹೋಗುವಷ್ಟು ಸಂದು ಬಿದ್ದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಉಷ್ಣತೆ ಇಳಿಯುತ್ತದೆ, ಉಷ್ಣತೆ ಇಳಿದರೆ ಎಣ್ಣೆ ಅರೆಬರೆಯಾಗಿ ಉರಿಯುತ್ತದೆ. ಚಳಿಗಾಲದ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಬಿಳಿಯ ಹೊಗೆಯನ್ನುಗುಳುತ್ತ ಮೊಂಡುಹಿಡಿಯುವ ಹಳೆಯ ಎಂಜಿನ್ನು, ಒಮ್ಮೆ ಬಿಸಿಯಾದ ಮೇಲೆ ಎಂದಿನಂತೆ ಓಡುವುದರ ಕಾರಣವು ಇದರಲ್ಲಿಯೇ ಇದೆ.

ಇಷ್ಟಾದರೂ, ಹೊಗೆಯನ್ನು ಕಂಡೊಡನೆ ಎಂಜಿನ್ನನ್ನು ಬಿಚ್ಚಲು ಹೊರಡುವುದು ಅವಿವೇಕ. ಹೊಗೆಯ ಬಣ್ಣವು ರೋಗದ ಒಂದು ಸೂಚನೆಯನ್ನು ಕೊಡುತ್ತದೆಯೇ ಹೊರತು ನಿರ್ಣಯವನ್ನು ಕೊಡುವುದಿಲ್ಲ. ಕರಿಹೊಗೆ ಬಂದರೆ ಎಣ್ಣೆಗೆ ತಕ್ಕಷ್ಟು ಗಾಳಿ ದೊರೆಯುತ್ತಿಲ್ಲವೆಂದು ಅರ್ಥ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಎಣ್ಣೆಯನ್ನು ಸಿಂಪಡಿಸುವ ನಾಝಲ್ ಸೋರುತ್ತಿರಬಹುದು, ಇಲ್ಲವೆ ಹೆಚ್ಚು ಎಳೆತ ಬೇಕೆಂಬ ಆಸೆಯಿಂದ ಯಾರೋ ಪಂಪಿನ ಎಣ್ಣೆಯನ್ನು ಏರಿಸಿಟ್ಟಿರಬಹುದು. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತಾದರೂ, ಆ ಆಯಿಲು ರಿಂಗುಗಳನ್ನು ದಾಟಿಯೇ ಬರುತ್ತಿರಬೇಕೆಂದಿಲ್ಲ. ವಾಲ್ವ್ ಗೈಡಿನಿಂದ ಇಳಿಯಬಹುದು, ಟರ್ಬೋ ಇರುವ ಗಾಡಿಯಲ್ಲಿ ಅದರ ಸೀಲಿನಿಂದ ಸೋರಬಹುದು. ಹೊಗೆಯೇ ಇಲ್ಲದೆ ಆಯಿಲು ಮಾಯವಾಗುತ್ತಿದ್ದರೆ ಬ್ರೇಕಿನ ಗಾಳಿಯ ಟ್ಯಾಂಕಿನ ಡ್ರೇನನ್ನು ತೆರೆದು ನೋಡತಕ್ಕದ್ದು: ಅಲ್ಲಿ ನೀರಿನೊಡನೆ ಆಯಿಲು ಹೊರಬಂದರೆ ಸವೆದಿರುವುದು ಏರ್ ಕಂಪ್ರೆಸರಿನ ರಿಂಗೇ ಹೊರತು ಎಂಜಿನ್ನಿನ ರಿಂಗಲ್ಲ. ಎಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲಿನ ಪೈಪಿನ ನಟ್ಟನ್ನು ಸಡಿಲಿಸಿ ಶಬ್ದವನ್ನು ಆಲಿಸಿದರೆ, ಯಾವ ಸಿಲಿಂಡರಿನದನ್ನು ಸಡಿಲಿಸಿದಾಗ ಎಂಜಿನ್ನಿನ ನಡೆಯಲ್ಲಿ ಏನೂ ವ್ಯತ್ಯಾಸವಾಗದೋ ಆ ಸಿಲಿಂಡರು ದುಡಿಯುತ್ತಿಲ್ಲವೆಂದು ತಿಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳವನ್ನು ತೆಗೆದಾಗ ಹೊಗೆ ಬುಸುಗುಟ್ಟುತ್ತ ಮೇಲೇಳುತ್ತಿದ್ದರೆ, ಉರಿದ ಅನಿಲವು ಪಿಸ್ಟನ್ನನ್ನು ದಾಟಿ ಕೆಳಗಿಳಿಯುತ್ತಿದೆಯೆಂದು (ಚಾಲಕರು ಹೇಳುವ ‘ಬ್ಯಾಕ್ ಕಂಪ್ರೆಷನ್’ ಇದೇ) ತಿಳಿಯುತ್ತದೆ. ಸುಲಭವೂ ಅಗ್ಗವೂ ಆದ ಈ ಪರೀಕ್ಷೆಗಳು ಮುಗಿಯುವವರೆಗೂ ಹೆಡ್ಡಿನ ಬೋಲ್ಟಿಗೆ ಸ್ಪ್ಯಾನರ್ ತಾಕಿಸಬಾರದು. ನಾಝಲ್ಲುಗಳನ್ನು ಸರಿಪಡಿಸಿ, ಏರ್ ಫಿಲ್ಟರನ್ನು ಬದಲಾಯಿಸಿದ ಮಾತ್ರಕ್ಕೆ ಇನ್ನೂ ಅನೇಕ ವರ್ಷ ಓಡಬಹುದಾಗಿದ್ದ ಎಂಜಿನ್ನುಗಳು ವೃಥಾ ಬಿಚ್ಚಲ್ಪಟ್ಟುದನ್ನು ನಾನು ಕಂಡಿದ್ದೇನೆ. ಒಮ್ಮೆ ಬಿಚ್ಚಿದ ಮೇಲೆ ಖರ್ಚಿಲ್ಲದೆ ಮುಚ್ಚುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ.

ಪರೀಕ್ಷೆಗಳೆಲ್ಲವೂ ಒಂದೇ ಕಡೆಗೆ ಬೆರಳು ತೋರಿಸಿ, ಹೆಡ್ಡನ್ನು ಇಳಿಸಲೇಬೇಕಾಯಿತೆಂದು ಇಟ್ಟುಕೊಳ್ಳೋಣ. ಆಗ ಲೈನರಿನ ಮೇಲ್ತುದಿಗಿಂತ ಸ್ವಲ್ಪ ಕೆಳಗೆ, ಮೊದಲನೆಯ ರಿಂಗು ಮೇಲೇರಿ ಹಿಂದಿರುಗುವ ಎಡೆಯಲ್ಲಿ, ಉಗುರಿಗೆ ಸಿಕ್ಕುವಂಥ ಅಂಚೊಂದು ಕಾಣಿಸುತ್ತದೆ. ಸವೆತವು ಲೈನರಿನ ಉದ್ದಕ್ಕೂ ಸಮನಾಗಿರದೆ ಇಲ್ಲಿಯೇ ಅತ್ಯಧಿಕವಾಗಿರುವುದಕ್ಕೆ ಕಾರಣಗಳುಂಟು. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪಿಸ್ಟನ್ನು ಅಷ್ಟೇ ಬಾರಿ ಮೇಲಿನ ತುದಿಯಲ್ಲಿ ಕ್ಷಣಾಂಶ ಕಾಲ ನಿಂತು ಹಿಂದಿರುಗುತ್ತದೆ. ಚಲನೆಯಿಂದಲೇ ಉಳಿಯುವ ಆಯಿಲಿನ ಪೊರೆ ಆ ನಿಲುಗಡೆಯಲ್ಲಿ ಹರಿಯುತ್ತದೆ. ಉರಿಯ ತಾಪ ಅಲ್ಲಿಯೇ ಅತಿ ತೀವ್ರ. ಮೇಲಾಗಿ ಉರಿದ ಅನಿಲವು ರಿಂಗಿನ ಹಿಂಬದಿಗೆ ಹೊಕ್ಕು ಅದನ್ನು ಗೋಡೆಗೆ ಬಲವಾಗಿ ಒತ್ತುವುದೂ ಅದೇ ಕ್ಷಣದಲ್ಲಿ. ಹೀಗೆ ಬೋರು ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಆಗುತ್ತದೆ. ಅಷ್ಟೇ ಅಲ್ಲದೆ ಕನೆಕ್ಟಿಂಗ್ ರಾಡು ಓರೆಯಾಗಿ ನಿಂತು ತಳ್ಳುವುದರಿಂದ ಪಿಸ್ಟನ್ನು ಕ್ರ್ಯಾಂಕಿಗೆ ಅಡ್ಡವಾದ ಎರಡು ಪಾರ್ಶ್ವಗಳನ್ನು ಹೆಚ್ಚಾಗಿ ಉಜ್ಜಿ, ದುಂಡಗಿದ್ದ ಬೋರನ್ನು ಅಂಡಾಕಾರಕ್ಕೆ ತಿರುಗಿಸುತ್ತದೆ. ಈ ಎರಡು ವಿಕಾರಗಳನ್ನೂ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದು ಬರೆದಿಡತಕ್ಕದ್ದು. ತಯಾರಕರ ಕೈಪಿಡಿಗಳು ಕ್ಷಮಿಸುವ ವಿಕಾರವು ಮಿಲಿಮೀಟರಿನ ನೂರು ಪಾಲುಗಳಲ್ಲಿ ಕೆಲವೇ ಪಾಲಿನಷ್ಟು. ಎಷ್ಟೇ ಅನುಭವವುಳ್ಳ ಕಣ್ಣಿಗಾಗಲಿ ಬೆರಳಿಗಾಗಲಿ ಅದು ಗೋಚರವಾಗತಕ್ಕದ್ದಲ್ಲ.

ಹಾಫ್ ಎಂಜಿನ್ ಕೆಲಸದ ಸತ್ಯಾಸತ್ಯವು ಈ ಅಳತೆಯಲ್ಲಿಯೇ ತೀರ್ಮಾನವಾಗಬೇಕು. ಬೋರು ಮಿತಿಯೊಳಗಿದ್ದು, ರಿಂಗುಗಳು ಮಾತ್ರ ಮಸಿಗಟ್ಟಿ ತಮ್ಮ ತೋಡುಗಳಲ್ಲಿ ಅಂಟಿಕೊಂಡಿದ್ದರೆ ಅಥವಾ ಬಲಗುಂದಿದ್ದರೆ, ಲೈನರಿನ ಹೊಳಪನ್ನು, ಅದರ ಮೇಲೆ ಸೂಕ್ಷ್ಮ ಅಡ್ಡಗೀರುಗಳನ್ನು ಮೂಡಿಸುವ ಹೋನಿಂಗಿನಿಂದ, ಮುರಿದು ಹೊಸ ರಿಂಗುಗಳನ್ನು ಹಾಕಿಸುವುದು ನ್ಯಾಯವಾದ ದುರಸ್ತಿ. ಅದನ್ನು ನಾನು ಎಂದೂ ಹಳಿಯುವವನಲ್ಲ. ಆದರೆ ಬೋರು ಅಂಡಾಕಾರವಾಗಿದ್ದಾಗ ದುಂಡಗಿನ ಹೊಸ ರಿಂಗನ್ನು ಕೂರಿಸುವುದು ನೆಗ್ಗಿದ ಪಾತ್ರೆಗೆ ಹೊಸ ಮುಚ್ಚಳವನ್ನು ಒತ್ತಿದಂತೆ: ಎರಡು ಕಡೆ ತಾಗುತ್ತದೆ, ಎರಡು ಕಡೆ ಉಗಿ ನುಸುಳುತ್ತದೆ. ಅದಲ್ಲದೆ ಸವೆದ ಹಳೆಯ ರಿಂಗು ಯಾವ ಅಂಚಿನ ಕೆಳಗೆ ಹೊಂದಿಕೊಂಡು ಹಿಂದಿರುಗುತ್ತಿತ್ತೋ, ಅದೇ ಅಂಚಿಗೆ ಹೊಸ ರಿಂಗಿನ ಚೂಪಾದ ಮೂಲೆಯು ಬಡಿದು ಮುರಿಯುವುದೂ ಉಂಟು. ಕೆಲವು ತಿಂಗಳು ಹೊಗೆ ಇಳಿದಂತೆ ತೋರಿ, ಆಯಿಲಿನ ಖರ್ಚು ಮತ್ತೆ ಏರಿ, ಎರಡನೆಯ ಬಾರಿ ಅದೇ ಹೆಡ್ಡನ್ನು ಇಳಿಸುವಾಗ ಮೊದಲನೆಯ ಬಾರಿಯ ರಿಂಗು, ಗ್ಯಾಸ್ಕೆಟ್ಟು, ಆಯಿಲು, ಮಜೂರಿ ಎಲ್ಲವೂ ನಷ್ಟವೆಂದೇ ಲೆಕ್ಕ. ಗಾಡಿಯು ಷೆಡ್ಡಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕಂತಿನ ಬಡ್ಡಿಯನ್ನೂ ಅದಕ್ಕೆ ಸೇರಿಸಿದರೆ, ಅಗ್ಗವೆಂದು ಆರಿಸಿಕೊಂಡ ಅರ್ಧ ಕೆಲಸವು ಪೂರ್ಣ ಕೆಲಸಕ್ಕಿಂತ ದುಬಾರಿಯಾಗಿ ಪರಿಣಮಿಸುತ್ತದೆ.

ಕ್ರ್ಯಾಂಕ್ ಶಾಫ್ಟಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಶ್ರದ್ಧೆ ಸಲ್ಲಬೇಕು. ಏಕೆಂದರೆ ಬೋರಿನ ದೋಷವು ಗಾಡಿಯನ್ನು ನಿಧಾನಗೊಳಿಸಿದರೆ ಕ್ರ್ಯಾಂಕಿನ ದೋಷವು ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಿಬಿಡುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಆಯಿಲ್ ಪ್ರೆಷರಿನ ಮುಳ್ಳು ಇಳಿಯತೊಡಗುವುದು ಬೇರಿಂಗಿನ ಸಂದು ಹಿಗ್ಗಿರುವುದರ ಮೊದಲ ಸೂಚನೆಯಾಗಿರಬಹುದು. ಜರ್ನಲುಗಳನ್ನು ಮೈಕ್ರೋಮೀಟರಿನಿಂದ ಅಳೆದು, ಬಿರುಕಿದೆಯೆ ಎಂದು ಕಾಂತಪರೀಕ್ಷೆಯಿಂದ ನೋಡಿ, ಅಗತ್ಯವಿದ್ದರೆ ಮಾತ್ರ ಗ್ರೈಂಡಿಂಗಿಗೆ ಕೊಡಬೇಕು. ಜರ್ನಲು ಕ್ರ್ಯಾಂಕಿನ ಭುಜವನ್ನು ಸೇರುವ ಎಡೆಯಲ್ಲಿ ಒಂದು ಸಣ್ಣ ಕಮಾನಿನ ತಿರುವಿರುತ್ತದೆ. ಅರೆಯುವವನು ಅವಸರದಿಂದ ಅದನ್ನು ಚೂಪಾದ ಮೂಲೆಯಾಗಿ ಬಿಟ್ಟನೆಂದರೆ, ಪ್ರತಿ ಸುತ್ತಿನಲ್ಲಿಯೂ ಬಾಗಿ ಚೇತರಿಸಿಕೊಳ್ಳುವ ಉಕ್ಕು ಅದೇ ಮೂಲೆಯಲ್ಲಿ ದಣಿದು ಬಿರಿದು, ಒಂದು ದಿನ ಎರಡು ತುಂಡಾಗುತ್ತದೆ. ಹೊರಗೆ ಕಾಣದ ಈ ತಿರುವನ್ನು ಉಳಿಸಿಕೊಟ್ಟ ಲೇತಿನವನು, ಎಂದೂ ಭೇಟಿಯಾಗದ ಒಬ್ಬ ಚಾಲಕನ ಪ್ರಾಣವನ್ನು ಘಾಟಿನಲ್ಲಿ ಕಾಪಾಡಿದವನೆಂದೇ ನಾನು ಭಾವಿಸುತ್ತೇನೆ. ಇಂಥ ಸೂಕ್ಷ್ಮ ಕೆಲಸಕ್ಕೆ ಬೇಕಾದ ಯಂತ್ರಗಳ ನಿರ್ಮಾಣದಲ್ಲಿ ಕನ್ನಡನಾಡಿನ ಪಾಲು ದೊಡ್ಡದು: ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್‌ಎಂಟಿಯೂ ದೇಶದ ದುರಸ್ತಿಯ ಅಂಗಡಿಗಳಿಗೆ ಲೇತುಗಳನ್ನು ಒದಗಿಸಿದವು.

ಎಣ್ಣೆಯನ್ನು ಸಿಂಪಡಿಸುವ ಪಂಪಿನ ಕಥೆಯೂ ನಮ್ಮ ನಾಡಿಗೆ ಸೇರಿದ್ದೇ. 1951ರಲ್ಲಿ ಬಾಷ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, 2008ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆದ ಮೈಕೋ ಕಾರ್ಖಾನೆಯ ಪಂಪುಗಳೂ ನಾಝಲ್ಲುಗಳೂ ಭಾರತದ ಡೀಸೆಲ್ ಗಾಡಿಗಳ ಉಸಿರನ್ನು ದಶಕಗಳ ಕಾಲ ನಿಯಂತ್ರಿಸಿದವು. ಈ ಪಂಪಿನೊಳಗಿನ ಪ್ಲಂಜರು ತನ್ನ ಬ್ಯಾರೆಲ್ಲಿನಲ್ಲಿ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಕೆಲವೇ ಪಾಲಿನ ಸಂದಿನಲ್ಲಿ ಚಲಿಸುತ್ತದೆ. ಎಣ್ಣೆಯಲ್ಲಿ ಕಣ್ಣಿಗೆ ಕಾಣದ ಧೂಳು ಸೇರಿದರೂ, ಮಳೆಗಾಲದಲ್ಲಿ ಟ್ಯಾಂಕಿನ ಗೋಡೆಗೆ ಕಟ್ಟಿದ ತೇವ ಇಳಿದರೂ ಅದರ ಮೈ ಗೀರುಬೀಳುತ್ತದೆ. ಎಂಜಿನ್ನಿಗೆ ಸಾಕಷ್ಟು ಹಣವನ್ನು ವೆಚ್ಚಮಾಡಿ, ಹಳೆಯ ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸದೆಯೇ ಮರಳಿ ಜೋಡಿಸಿದವರು, ಹೊಸ ಪಿಸ್ಟನ್ನಿನ ತಲೆಯ ಮೇಲೆ ಸೋರುವ ನಾಝಲನ್ನು ಕೂರಿಸಿದವರಾಗುತ್ತಾರೆ. ಸಿಂಪಡಿಸಬೇಕಾದ ಎಣ್ಣೆ ಹನಿಹನಿಯಾಗಿ ತೊಟ್ಟಿಕ್ಕಿದರೆ ಅದು ಲೈನರಿನ ಮೇಲಿನ ಆಯಿಲನ್ನು ತೊಳೆದುಹಾಕಿ, ಪಿಸ್ಟನ್ನಿನ ತಲೆಯನ್ನು ಒಂದೇ ಎಡೆಯಲ್ಲಿ ಸುಟ್ಟು, ಹೊಸ ಬೋರನ್ನು ಮತ್ತೆ ಹಳೆಯದಾಗಿಸುತ್ತದೆ. ಹೆಡ್ಡಿನ ಕೆಲಸವೂ ಹೀಗೆಯೇ: ಬಿರುಕಿದೆಯೆ ಎಂದು ನೀರಿನ ಒತ್ತಡದಿಂದ ಪರೀಕ್ಷಿಸಿ, ತಳ ಸಮವಾಗಿದೆಯೆ ಎಂದು ನೇರಪಟ್ಟಿಯಿಟ್ಟು ನೋಡಿ, ಗೈಡುಗಳನ್ನು ಬದಲಿಸಿ, ವಾಲ್ವುಗಳನ್ನು ಸೀಟಿಗೆ ಲ್ಯಾಪಿಂಗ್ ಮಾಡಿ, ಕೊನೆಗೆ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಲವು ಸುತ್ತುಗಳಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯತಕ್ಕದ್ದು. ತೋಳಿನ ಬಲದ ಅಂದಾಜನ್ನು ನೆಚ್ಚಿ ಬಿಗಿದ ಹೆಡ್ಡು ಗ್ಯಾಸ್ಕೆಟ್ಟನ್ನು ಸುಡದಿದ್ದರೆ ಅದು ದೈವಾನುಗ್ರಹವೇ ಸರಿ.

ಎಲ್ಲ ಅಳತೆಗಳಿಗಿಂತಲೂ ಮುಖ್ಯವಾದ ಪ್ರಶ್ನೆಯೊಂದನ್ನು ಕೇಳುವವರು ವಿರಳ: ಈ ಎಂಜಿನ್ನು ಸವೆದದ್ದಾದರೂ ಏತರಿಂದ? ಹೊಸ ಭಾಗಗಳನ್ನು ಹಾಕಿ ಹಳೆಯ ಕಾರಣವನ್ನು ಹಾಗೆಯೇ ಬಿಟ್ಟರೆ, ನಾವು ಕೊಂಡದ್ದು ಎರಡನೆಯ ಸವೆತವನ್ನೇ. ನನ್ನ ಅನುಭವದಲ್ಲಿ ಪ್ರಥಮ ಶತ್ರು ಧೂಳು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಒಂದೆಡೆ ಬಿರಿದಿದ್ದರೆ ಸಾಕು, ಕಲ್ಲುಗಣಿಯ ದಾರಿಯ ಧೂಳೆಲ್ಲವೂ ಶೋಧನೆಯಿಲ್ಲದೆ ಒಳಹೊಕ್ಕು, ಆಯಿಲಿನೊಡನೆ ಬೆರೆತು, ವಾಲ್ವನ್ನು ಲ್ಯಾಪ್ ಮಾಡಲು ನಾವು ಬಳಸುವ ಗ್ರೈಂಡಿಂಗ್ ಪೇಸ್ಟಿನ ಗುಣವನ್ನೇ ಪಡೆದು ಲೈನರನ್ನು ಅರೆಯುತ್ತದೆ. ಎರಡನೆಯದು, ನಮ್ಮ ದೇಶದಲ್ಲಿ ಸಂಪ್ರದಾಯವೇ ಆಗಿಹೋಗಿರುವ ಒಂದು ಕುಕೃತ್ಯ: ಎಂಜಿನ್ ಬಿಸಿಯಾಗುತ್ತದೆಯೆಂಬ ಭಯದಿಂದ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಸುಮಾರು 80 ಡಿಗ್ರಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಈ ಸಣ್ಣ ಕವಾಟವು ಇಲ್ಲವಾದರೆ ಎಂಜಿನ್ನು ತನ್ನ ಯೋಗ್ಯ ಉಷ್ಣತೆಯನ್ನು ಮುಟ್ಟುವುದೇ ಇಲ್ಲ. ತಣ್ಣಗಿನ ಲೈನರಿನ ಮೇಲೆ ಉರಿಯ ತೇವವು ಹನಿಗಟ್ಟಿ, ಎಣ್ಣೆಯ ಗಂಧಕದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. 2020ರಿಂದ ದೇಶದಾದ್ಯಂತ ದೊರೆಯುತ್ತಿರುವ ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣವು ದಶಲಕ್ಷಕ್ಕೆ 10 ಪಾಲಿನಷ್ಟು ಮಾತ್ರ ಇರುವುದರಿಂದ ಈ ಕೇಡು ಇಳಿದಿದೆಯಾದರೂ, ಉರಿಯದೆ ಉಳಿದ ಎಣ್ಣೆಯು ಚೇಂಬರಿಗಿಳಿದು ಆಯಿಲನ್ನು ತೆಳುವಾಗಿಸುವ ಕೇಡು ಇಂದಿಗೂ ಇದ್ದೇ ಇದೆ. ಬಿಸಿಯ ಮೂಲವು ಕಟ್ಟಿದ ರೇಡಿಯೇಟರಿನಲ್ಲಿಯೋ ಸಡಿಲವಾದ ಬೆಲ್ಟಿನಲ್ಲಿಯೋ ಇರುವಾಗ ಶಿಕ್ಷೆಯನ್ನು ಥರ್ಮೋಸ್ಟಾಟಿಗೆ ವಿಧಿಸುವುದು ನ್ಯಾಯವಲ್ಲ. ಇವುಗಳ ಜೊತೆಗೆ ನಮ್ಮ ಕರಾವಳಿಯ ಮಳೆಯನ್ನೂ ಹೇಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ದಿನವನ್ನು ಕಂಡವರಿಗೆ ಗಾಡಿಗಳು ಮುಳುಗುವುದೆಂದರೇನೆಂಬುದು ತಿಳಿದಿದೆ. ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲವಾದುದರಿಂದ, ನೀರು ಹೊಕ್ಕ ಎಂಜಿನ್ನಿಗೆ ಸೆಲ್ಫ್ ಹೊಡೆದರೆ ಬಾಗುವುದು ಕನೆಕ್ಟಿಂಗ್ ರಾಡೇ. ನಾಝಲ್ಲುಗಳನ್ನು ಬಿಚ್ಚಿ, ಕೈಯಿಂದ ತಿರುಗಿಸಿ, ನೀರನ್ನು ಹೊರಹಾಕಿ, ಆಯಿಲನ್ನು ಬದಲಿಸಿದ ಹೊರತು ಅದನ್ನು ಚಾಲೂ ಮಾಡಕೂಡದು.

ಹೊಸದಾಗಿ ಕಟ್ಟಿದ ಎಂಜಿನ್ನು ಷೆಡ್ಡಿನಿಂದ ಹೊರಬಿದ್ದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನಲಾಗದು. ಹೋನಿಂಗಿನಿಂದ ಲೈನರಿನ ಮೇಲೆ ಮೂಡಿದ ಅಡ್ಡಗೀರುಗಳ ಸೂಕ್ಷ್ಮ ಏಣುಗಳನ್ನು ರಿಂಗುಗಳು ಉಜ್ಜಿ ಹದಗೊಳಿಸಿ ತಮ್ಮ ಆಸನವನ್ನು ತಾವೇ ಮಾಡಿಕೊಳ್ಳಬೇಕು. ಅದಕ್ಕೆ ರಿಂಗಿನ ಹಿಂದೆ ಅನಿಲದ ಒತ್ತಡ ಬೇಕು. ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ಸ್ಲೋದಲ್ಲಿ ಓಡಿಸಿ ಬಿಡುವುದು ಅದಕ್ಕೆ ವಿಶ್ರಾಂತಿಯೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಆ ಮೃದುತ್ವವೇ ಲೈನರಿನ ಮೇಲೆ ಗಾಜಿನಂಥ ಹೊಳಪನ್ನು ಕಟ್ಟಿಸಿ, ರಿಂಗು ಎಂದೆಂದಿಗೂ ಕೂರದಂತೆ ಮಾಡುತ್ತದೆ. ಮೊದಲ ಒಂದೆರಡು ಸಾವಿರ ಕಿಲೋಮೀಟರುಗಳಲ್ಲಿ ಮಧ್ಯಮ ಹೇರಿನೊಡನೆ, ವೇಗವನ್ನು ಬದಲಿಸುತ್ತ, ಪೂರ್ಣ ಬಲವನ್ನು ಬಹುಕಾಲ ಹಿಂಡದೆ ಓಡಿಸಿ, ಮೊದಲ ಆಯಿಲನ್ನು ಬೇಗನೆ ಬದಲಿಸುವುದೇ ಸರಿಯಾದ ಕ್ರಮ.

ಇನ್ನು ದುರಸ್ತಿಯೇ ಅಥವಾ ವಿದಾಯವೇ ಎಂಬ ಪ್ರಶ್ನೆ. ಬ್ಲಾಕು ಬಿರಿದಿದ್ದರೆ, ಬೋರೂ ಕ್ರ್ಯಾಂಕೂ ತಮ್ಮ ಕೊನೆಯ ಅಳತೆಯ ಮೆಟ್ಟಿಲನ್ನು ಮುಟ್ಟಿದ್ದರೆ, ಷಾಸಿಯು ತುಕ್ಕಿನಿಂದ ಕ್ಷೀಣಿಸಿದ್ದರೆ, ಎಂಜಿನ್ನಿನ ಮೇಲೆ ಹಣ ಹಾಕುವುದು ವ್ಯರ್ಥ. 8 ವರ್ಷಗಳನ್ನು ದಾಟಿದ ಸಾರಿಗೆಯ ವಾಹನವು ಪ್ರತಿ ವರ್ಷವೂ ಅರ್ಹತಾಪತ್ರವನ್ನು ನವೀಕರಿಸಿಕೊಳ್ಳಬೇಕು. 2021ರಲ್ಲಿ ಪ್ರಕಟವಾದ ಗುಜರಿ ನೀತಿಯು ಆ ಪರೀಕ್ಷೆಯಲ್ಲಿ ಸೋತ ಗಾಡಿಗಳನ್ನು ರಸ್ತೆಯಿಂದ ತೆಗೆಯುವ ಮಾರ್ಗವನ್ನು ನಿರ್ದೇಶಿಸಿದೆ. ಇದನ್ನು ಹಳೆಯ ಗಾಡಿಯವರ ಮೇಲಣ ದ್ವೇಷವೆಂದು ನಾನು ಎಣಿಸುವುದಿಲ್ಲ. ಠಾಣೆ-ಬೇಲಾಪುರ ರಸ್ತೆಯ ಅಂಚಿನಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳ ಶ್ವಾಸಕೋಶಗಳಿಗೆ ನಮ್ಮ ಲಾರಿಗಳ ಹೊಗೆಯೇ ನೇರವಾಗಿ ಇಳಿಯುತ್ತದೆ. ಎಷ್ಟು ನಿಷ್ಠೆಯಿಂದ ಕಟ್ಟಿದರೂ ಹಳೆಯ ಎಂಜಿನ್ನು ತಾನು ಹುಟ್ಟಿದ ಕಾಲದ ಶುದ್ಧಿಯನ್ನಷ್ಟೆ ಮರಳಿ ಪಡೆಯಬಲ್ಲದೇ ಹೊರತು, 2020ರ ಏಪ್ರಿಲ್ಲಿನಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡದ ಗಾಡಿಯ ಶುದ್ಧಿಯನ್ನು ಮುಟ್ಟಲಾರದು. ಆದರೂ, ಕಂತು ತೀರಿದ ಹಳೆಯ ಲಾರಿಯೊಂದೇ ಆಸ್ತಿಯಾಗಿರುವ ಮನುಷ್ಯನಿಗೆ ಹೊಸ ಗಾಡಿಯ ಸಾಲವು ತಲೆಯ ಮೇಲಿನ ಬಂಡೆಯಾಗಬಲ್ಲದೆಂಬುದನ್ನೂ ಮರೆಯಲಾಗದು. ಗದಗಿನಲ್ಲಿ 1976ರಲ್ಲಿ ವಿಜಯ ಸಂಕೇಶ್ವರರು ಆರಂಭಿಸಿದ ಸಾಗಣೆಯ ಉದ್ಯಮಕ್ಕೂ ಮೂಲಧನವಾಗಿದ್ದುದು ಒಂದೇ ಒಂದು ಲಾರಿ. ಹಾಗಿರುವಲ್ಲಿ, ಪೂರ್ಣವಾಗಿಯೂ ಪ್ರಾಮಾಣಿಕವಾಗಿಯೂ ಕಟ್ಟಿದ ಹಳೆಯ ಎಂಜಿನ್ನು ಒಡೆಯನ ಅನ್ನವನ್ನೂ ಊರಿನ ಗಾಳಿಯನ್ನೂ ಕೆಲವು ವರ್ಷ ಕಾಪಾಡಬಲ್ಲದು. ಅರೆಬರೆಯಾಗಿ ತೇಪೆ ಹಾಕಿದ ಎಂಜಿನ್ನು ಎರಡನ್ನೂ ಕೆಡಿಸುತ್ತದೆ.

ಆದುದರಿಂದ ಪತ್ರ ಬರೆದ ಎಲ್ಲ ಮಹನೀಯರಿಗೂ ನನ್ನ ವಿಜ್ಞಾಪನೆ ಇಷ್ಟು. ಮಿಸ್ತ್ರಿಯ ಅನುಭವವನ್ನು ಗೌರವಿಸಿರಿ, ಆದರೆ ಅವರಿಂದ ಅಳತೆಯನ್ನು ಕೇಳಿ ಪಡೆಯಿರಿ: ಪ್ರತಿ ಬೋರಿನ ಮೇಲಣ, ನಡುವಣ, ಕೆಳಗಣ ವ್ಯಾಸ, ಪ್ರತಿ ಜರ್ನಲಿನ ಗಾತ್ರ, ರಿಂಗಿನ ತುದಿಗಳ ಸಂದು, ನಾಝಲ್ ತೆರೆಯುವ ಒತ್ತಡ, ಎಂಜಿನ್ ಕಟ್ಟಿದ ಮೇಲೆ ಬಿಸಿಯಲ್ಲಿ ತೋರುವ ಆಯಿಲ್ ಪ್ರೆಷರು. ಮಜೂರಿಯ ಬಿಲ್ಲಿನೊಂದಿಗೆ ಈ ಪಟ್ಟಿಯೂ ಒಡೆಯನ ಕೈಸೇರುವುದು ಪ್ರತಿಯೊಂದು ಷೆಡ್ಡಿನಲ್ಲಿಯೂ ವಾಡಿಕೆಯಾಗಬೇಕು. ಅದನ್ನು ಬರೆಯಬಲ್ಲ ಹುಡುಗರನ್ನು ನಮ್ಮ ಐಟಿಐಗಳು ತಯಾರುಮಾಡಬೇಕು. ಅಳೆಯುವುದಕ್ಕೆ ಹಿಡಿಯುವ ಹೊತ್ತಿಗೂ ಮಜೂರಿಯನ್ನು ಕೊಡಲು ಒಡೆಯರು ಸಿದ್ಧರಿರಬೇಕು. ಏಕೆಂದರೆ ಬೋರ್ ಗೇಜನ್ನು ಕೊಳ್ಳಲು ಹಣವಿಲ್ಲದ ಮಿಸ್ತ್ರಿಯು ಅಂದಾಜನ್ನು ಆಶ್ರಯಿಸುವುದು ಅವನೊಬ್ಬನ ದೋಷವಲ್ಲ. ಅಳತೆಗೆ ಬೆಲೆ ಕಟ್ಟದ ನಮ್ಮೆಲ್ಲರ ದೋಷ. ಮುಂದಿನ ಬಾರಿ ಗಾಡಿಯನ್ನು ಷೆಡ್ಡಿಗೆ ಬಿಡುವಾಗ, ಖರ್ಚೆಷ್ಟಾದೀತು ಎಂದು ಕೇಳುವುದಕ್ಕೆ ಮೊದಲು ಸವೆತವೆಷ್ಟಾಗಿದೆ ಎಂದು ಕೇಳಿರಿ. ಆ ಉತ್ತರವು ಅಂಕಿಗಳಲ್ಲಿ ದೊರೆಯುವವರೆಗೂ ಯಾವ ಭಾಗವನ್ನೂ ಕೊಳ್ಳಬೇಡಿರಿ.